ಪೆಟ್ಲುಪ್ಪಿನ ಸದ್ದು

ನಲವತ್ತು ದಾಟಿದ ಮೇಲೆ ನಾನು ಮತ್ತೆ ಲ್ಯಾಬಿಗೆ ಹೋದೆ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ವರ್ಷವೇ ಮದುವೆಯಾಗಿ ಪುಣೆಗೆ ಬಂದವಳು ನಾನು. ಗಂಡನ ಮನೆಯವರು ಉಡುಪಿ ಕಡೆಯವರು. ಸದಾಶಿವ ಪೇಠದಲ್ಲಿ ಅವರದೊಂದು ಹೋಟೆಲು, ಅದರ ಮೇಲಿನ ಮಹಡಿಯಲ್ಲೇ ಮನೆ. ಬೆಳಿಗ್ಗೆ ಗಲ್ಲಾದಲ್ಲಿ ಕೂರುತ್ತಿದ್ದೆ. ಮಧ್ಯಾಹ್ನ ಪಕ್ಕದ ಓಣಿಯ ಕೋಚಿಂಗ್ ಕ್ಲಾಸಿನಲ್ಲಿ ಹನ್ನೆರಡನೇ ತರಗತಿಯ ಮಕ್ಕಳಿಗೆ ಅರ್ಧ ಮರಾಠಿ ಅರ್ಧ ಇಂಗ್ಲಿಷಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದೆ. ಬೇಸರವೇನೂ ಇರಲಿಲ್ಲ. ಆದರೆ ಓದನ್ನು ನಡುವೆ ಬಿಟ್ಟ ಹೆಂಗಸರು ಮತ್ತೆ ಸಂಶೋಧನೆಗೆ ಸೇರಬಹುದಾದ ಯೋಜನೆಯೊಂದು ಇದೆ ಎಂಬ ಸುದ್ದಿ ಒಂದು ದಿನ ರೇಡಿಯೋದಲ್ಲಿ ಬಂತು. ಅದನ್ನು ಕೇಳಿ ನನಗೆ ಹೇಳಿದವರು ನನ್ನ ಮಾವ.

ಮಾವನಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿದ್ದವು. ಇಡೀ ಹೋಟೆಲನ್ನು ನಿಂತ ಕಾಲಲ್ಲೇ ನಡೆಸಿದ ಮನುಷ್ಯ ಈಗ ಅಡುಗೆಮನೆಯ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಕೆಳಗಿನ ತಟ್ಟೆ ಲೋಟಗಳ ಸದ್ದು, ರಸ್ತೆಯ ರಿಕ್ಷಾಗಳ ಸದ್ದು, ರೇಡಿಯೋ, ಇಷ್ಟರಲ್ಲೇ ದಿನ ಕಳೆಯುತ್ತಿದ್ದರು.

"ನೀನು ಅರ್ಜಿ ಹಾಕು ಮಾರಾಯ್ತಿ. ಗಲ್ಲಾ ನೋಡಿಕೊಳ್ಳಲಿಕ್ಕೆ ನನ್ನ ಮಗ ಇದ್ದಾನೆ," ಎಂದರು.

"ಈ ವಯಸ್ಸಿನ್ಯಾಗ ನನ್ನ ಯಾರು ತೊಗೋತಾರ್ರಿ ಮಾವಾರ?"

"ಕೇಳಿದರೆ ತಾನೇ ಗೊತ್ತಾಗುವುದು?"

ತೆಗೆದುಕೊಂಡರು. ಊರಾಚೆಯ ಗುಡ್ಡದ ಮಗ್ಗುಲಿನ ಸಂಸ್ಥೆಯೊಂದರಲ್ಲಿ, ನನಗಿಂತ ಕೆಲವು ವರ್ಷ ಚಿಕ್ಕವರಾದ ಮರಾಠಿ ಪ್ರಾಧ್ಯಾಪಕಿಯೊಬ್ಬರು ನನಗೆ ಗೈಡ್ ಆದರು. ಮೊದಲ ದಿನ ಅವರು ಕಪಾಟಿನಿಂದ ಒಂದು ಬಿಳಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಪೊಟ್ಯಾಶಿಯಂ ನೈಟ್ರೇಟು. ನಾವು ಪೆಟ್ಲುಪ್ಪು ಅನ್ನುತ್ತೇವಲ್ಲ, ಅದೇ. ನೋಡಲು ಅಡುಗೆ ಉಪ್ಪಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. "ಇದರ ಹರಳು ಬೆಳೆಸಿ, ಬಿಸಿ ಮಾಡಿ, ಮತ್ತೆ ತಣಿಸಿ. ಒಳಗೆ ಏನೇನಾಗುತ್ತದೆ ಅಂತ ನನಗೆ ತೋರಿಸಿ," ಎಂದರು ಮರಾಠಿಯಲ್ಲಿ. ಅಂದು ಸಂಜೆ ಸ್ಕೂಟರಿನಲ್ಲಿ ಮನೆಗೆ ಬರುವಾಗ ಸಿಗ್ನಲ್ಲು ಹಸಿರಾದದ್ದು ನನಗೆ ತಿಳಿಯಲೇ ಇಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದರು.

ಹರಳು ಬೆಳೆಸುವುದು ತಾಳ್ಮೆಯ ಕೆಲಸ. ಬಿಸಿನೀರಿನಲ್ಲಿ ಎಷ್ಟು ಕರಗುತ್ತದೋ ಅಷ್ಟು ಉಪ್ಪು ಕರಗಿಸಿ, ಶೋಧಿಸಿ, ಯಾರೂ ಅಲುಗಾಡಿಸದ ಜಾಗದಲ್ಲಿ ನಿಧಾನವಾಗಿ ತಣಿಯಲು ಬಿಡಬೇಕು. ಅವಸರ ಮಾಡಿದರೆ ಬಿಳಿ ಪುಡಿ ಸಿಗುತ್ತದೆ, ಕಾದರೆ ಗಾಜಿನ ಕಡ್ಡಿಯಂಥ ಉದ್ದನೆಯ ಹರಳು. ಪುಣೆಯ ಚಳಿಗಾಲ ಆಗಷ್ಟೇ ಶುರುವಾಗಿತ್ತು. ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದು ಬೀಕರಿನ ಮುಚ್ಚಳ ಎತ್ತಿ ನೋಡಿದರೆ ತಳದಲ್ಲಿ ಹೊಳೆಯುವ ಕಡ್ಡಿಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅವನ್ನು ಚಿಮಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ಅದೆಷ್ಟು ಹೊತ್ತು ನಿಂತಿದ್ದೆನೋ. ಗೈಡ್ ಬಂದು, "ಚಹಾ ಆಯಿತಾ?" ಎಂದಾಗಲೇ ಎಚ್ಚರವಾಯಿತು.

ಆ ಹರಳಿನಿಂದ ತೆಳುವಾದ ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗೆ, ಬಿಸಿ ಮಾಡಬಲ್ಲ ಪುಟ್ಟ ತಟ್ಟೆಯ ಮೇಲಿಟ್ಟೆ. ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೋಸುವ ಪೋಲರೈಸರ್ ಗಾಜನ್ನು ಮೇಲೊಂದು ಕೆಳಗೊಂದು ಹಾಕಿದರೆ ಬಣ್ಣವಿಲ್ಲದ ಹರಳೂ ಬಣ್ಣ ತಳೆಯುತ್ತದೆ. ನನ್ನ ಚೂರು ಗುಲಾಬಿ, ಹಸಿರು ಪಟ್ಟೆಗಳಲ್ಲಿ ಉರಿಯುತ್ತಿತ್ತು. ಬಿಸಿ ಏರಿಸುತ್ತ ಹೋದೆ. ನೂರು ಡಿಗ್ರಿ ದಾಟಿತು, ಏನೂ ಆಗಲಿಲ್ಲ. ನೂರ ಇಪ್ಪತ್ತಾಯಿತು, ಏನೂ ಇಲ್ಲ. ಮುಂದೆ ಇನ್ನೊಂದಿಷ್ಟು ಡಿಗ್ರಿ ಏರುತ್ತಲೇ ಹರಳಿನ ಒಂದು ಮೂಲೆಯಿಂದ ಗೆರೆಯೊಂದು ಹೊರಟಿತು. ಪರದೆ ಎಳೆದಂತೆ ಆ ಗೆರೆ ಹರಳಿನ ಉದ್ದಕ್ಕೂ ಸರಿದು ಹೋಯಿತು, ಅದು ಹಾದು ಹೋದ ಕಡೆಯೆಲ್ಲ ಬೇರೆಯೇ ಬಣ್ಣ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದೇ ಹೋಯಿತು. ಕುರ್ಚಿಯಿಂದ ಎದ್ದು ನಿಂತವಳು ಮತ್ತೆ ಕೂತೆ. ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮಕ್ಕಳಿಗೂ ಬಾಯಿಪಾಠ ಮಾಡಿಸಿದ ಸಂಗತಿ ಅದು. ಕಣ್ಣಾರೆ ಕಂಡದ್ದು ಅದೇ ಮೊದಲು.

ಸಂಜೆ ಮಾವ ಎಂದಿನಂತೆ ಕೇಳಿದರು. "ಇವತ್ತು ಎಂತ ಆಯ್ತು?"

ನಾನು ಚಪ್ಪಲಿ ಬಿಡುತ್ತಲೇ ಶುರು ಮಾಡಿದೆ. "ಮಾವಾರ, ಪೆಟ್ಲುಪ್ಪಿನೊಳಗ ಎರಡು ಥರದ ಮಂದಿ ಇದ್ದಾರ ಅನ್ಕೋರಿ. ಪೊಟ್ಯಾಶಿಯಂ ಅಂಬೋದು ದುಂಡಗ, ಗೋಲಿ ಇದ್ದಂಗ. ನೈಟ್ರೇಟು ಚಪ್ಪಟಿ, ಮೂರು ಮೂಲಿದ್ದು. ಥಂಡಿ ಇದ್ದಾಗ ಅವು ಒಂದು ರೀತಿ ಸಾಲು ಹಿಡಿದು ಕೂತಿರ್ತಾವ. ಬಿಸಿ ಏರಿದ್ರ ಒಂದು ಹಂತದಾಗ ಎಲ್ಲಾ ಎದ್ದು ಬ್ಯಾರೆ ರೀತಿ ಕೂಡ್ತಾವ. ಮೂರು ಮೂಲಿದ್ದು ಅತ್ತಾಗೂ ಇತ್ತಾಗೂ ಹೊಳ್ಳಲಿಕ್ಕೆ ಶುರು ಮಾಡ್ತಾವ."

"ಅಷ್ಟು ಬಿಸಿಗೆ ಉಪ್ಪು ಕರಗುವುದಿಲ್ಲವಾ?"

"ಇಲ್ರಿ. ಕರಗೂದು ಮುನ್ನೂರು ಡಿಗ್ರಿ ದಾಟಿದ ಮ್ಯಾಲೆ. ಇದು ಕಲ್ಲಿನ್ಹಂಗ ಗಟ್ಟಿ ಇದ್ದಾಗಲೇ ಆಗೂದು."

"ತಣಿದ ಮೇಲೆ ಪುನಃ ಅವರವರ ಜಾಗಕ್ಕೆ ಬರ್ತಾರಾ?"

"ಬರ್ತಾರ್ರಿ. ಆದ್ರ ಬರೋ ಹಾದಿ ಬ್ಯಾರೆ ಅದ. ಹೋಗೋವಾಗ ಇಲ್ಲದ ಇನ್ನೊಂದು ರಚನೆ ಬರೋವಾಗ ನಡುವ ಬರ್ತದ. ಅದರಾಗ ನೈಟ್ರೇಟೆಲ್ಲಾ ಒಂದೇ ದಿಕ್ಕಿಗೆ ಸ್ವಲ್ಪ ಸರದು ಕೂಡ್ತಾವ. ನಾ ಹುಡುಕಬೇಕಾಗಿದ್ದು ಅದನ್ನ."

"ಹೋಗುವ ಬಸ್ಸು ನಿಲ್ಲದ ಊರಿನಲ್ಲಿ ಬರುವ ಬಸ್ಸು ನಿಲ್ತದೆ ಅಂತಾಯ್ತು," ಎಂದರು ಮಾವ. ಒಳಗಿನಿಂದ ಅತ್ತೆ, "ಅವಳಿಗೆ ಮೊದಲು ಕಾಫಿ ಕುಡಿಯಲಿಕ್ಕೆ ಬಿಡಿ," ಎಂದು ಕೂಗಿದರು.

ತೊಂದರೆ ಶುರುವಾದದ್ದು ಆ ನಡುವಿನ ನಿಲ್ದಾಣದಲ್ಲೇ. ತಣಿಸುವಾಗ ನನಗೆ ಒಂದೇ ಬದಲಾವಣೆ ಕಾಣಿಸುತ್ತಿತ್ತು. ನೂರ ಇಪ್ಪತ್ತರ ಸ್ವಲ್ಪ ಮೇಲೆ ಗೆರೆಯೊಂದು ಸರಿಯುತ್ತಿತ್ತು, ಅದರ ಬೆನ್ನಿಗೇ ಹರಳಿನ ತುಂಬ ಬಿರುಕುಗಳು ಮೂಡಿ, ಉಸಿರು ಬಿಟ್ಟ ಕನ್ನಡಿಯಂತೆ ಮಬ್ಬಾಗುತ್ತಿತ್ತು. ಆಮೇಲೆ ಏನು ನಡೆದರೂ ಕಾಣಿಸುತ್ತಿರಲಿಲ್ಲ. ಹರಳು ಬದಲಿಸಿದೆ, ತಣಿಸುವ ವೇಗ ತಗ್ಗಿಸಿದೆ, ಇನ್ನೂ ತೆಳುವಾದ ಚೂರು ಹಾಕಿದೆ. ಎಲ್ಲದರಲ್ಲೂ ಕೊನೆಗೆ ಮಬ್ಬೇ.

ಗೈಡ್ ಚಿತ್ರಗಳನ್ನು ನೋಡಿದರು. "ನಡುವಿನದು ಬಂದಿದೆ ಅಂತ ನೀವು ಹೇಳುತ್ತಿದ್ದೀರಿ, ಆದರೆ ತೋರಿಸುತ್ತಿಲ್ಲ. ನಿಮ್ಮ ಉಪ್ಪು ಅದನ್ನು ಬಿಟ್ಟು ನೇರವಾಗಿ ಹಳೆಯ ರಚನೆಗೆ ಹಾರಿರಬಹುದು. ಬೇರೆ ಏನೋ ಬೆರೆತಿರಬಹುದು. ಪುನ್ಹಾ ಕರಾ."

ಮತ್ತೆ ಮಾಡಿ. ಇದು ಅವರ ಎರಡೇ ಪದದ ಉತ್ತರ. ಗದರುತ್ತಿರಲಿಲ್ಲ, ಅಷ್ಟು ಹೇಳಿ ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು. ಹರಳಿನ ಪ್ರತಿ ರಚನೆಗೂ ಬೇರೆ ಬೇರೆ ಗೆರೆ ತೋರಿಸುವ ಎಕ್ಸ್-ರೇ ಯಂತ್ರದಲ್ಲಿ ನೋಡಿದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ಆದರೆ ಬಿಸಿ ಮಾಡುತ್ತ ನೋಡುವ ಸೌಕರ್ಯವಿದ್ದ ಆ ಯಂತ್ರಕ್ಕೆ ಇಡೀ ಸಂಸ್ಥೆಯೇ ಸರದಿ ಕಾಯುತ್ತಿತ್ತು. ಗಟ್ಟಿ ಕಾರಣವಿಲ್ಲದೆ ಹೊಸಬಳಿಗೆ ಯಾರು ಕೊಡುತ್ತಾರೆ?

ಡಿಸೆಂಬರಿನ ಚಳಿಗೆ ಮಾವನ ಮಂಡಿನೋವು ಕೆರಳಿತು. ಒಂದು ಸಂಜೆ ಅತ್ತೆ ಕಬ್ಬಿಣದ ಬಾಣಲೆಯಲ್ಲಿ ಕಲ್ಲುಪ್ಪು ಹುರಿಯುತ್ತಿದ್ದರು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಲು. ನಾನು ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಉಪ್ಪು ಕಾದು ಚಟಪಟ ಸಿಡಿಯತೊಡಗಿತು. ಒಂದು ಹರಳು ಹಾರಿ ನನ್ನ ಕೈ ಮೇಲೆ ಬಿತ್ತು.

ಬಾಗಿಲ ಬಳಿಯಿಂದ ಮಾವ ಕೇಳಿದರು. "ನಿನ್ನ ಉಪ್ಪು ಕೂಡ ಹೀಗೆ ಶಬ್ದ ಮಾಡ್ತದಾ?"

"ಇದು ಬ್ಯಾರೆ ರೀ ಮಾವಾರ. ಕಲ್ಲುಪ್ಪಿನೊಳಗ ನೀರಿನ ಹನಿ ಸಿಕ್ಕಿರ್ತದ. ಅದು ಉಗಿ ಆಗಿ ಒಡದು ಬರ್ತದ, ಅಷ್ಟ."

"ಅದಲ್ಲ, ನಾನು ಕೇಳಿದ್ದು ನಿನ್ನದರ ಬಗ್ಗೆ. ನೀನು ದಿನಾ ಬಣ್ಣ ಹೇಳ್ತೀ, ಗೆರೆ ಹೇಳ್ತೀ. ನನಗೆ ಅದೆಲ್ಲ ಅಂದಾಜು ಮಾತ್ರ. ಶಬ್ದ ಉಂಟಾ ಅಂತ ಕೇಳಿದೆ."

ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಅಷ್ಟು ಬಿರುಕು ಬಿಡುತ್ತದೆ ಹರಳು. ಯಾವ ವಸ್ತುವಾದರೂ ಸದ್ದಿಲ್ಲದೆ ಬಿರುಕು ಬಿಡುವುದುಂಟೆ? ನಾನು ಅದನ್ನು ಗಾಜಿನ ಹಿಂದೆ ಮುಚ್ಚಿಟ್ಟು, ಪಕ್ಕದಲ್ಲಿ ಪಂಪು ಗುರ್ರೆನ್ನುವ ಕೋಣೆಯಲ್ಲಿ ಬರೀ ನೋಡುತ್ತಿದ್ದೆ. ನೋಡಲು ಮಬ್ಬು ಅಡ್ಡ ಬಂದರೆ ಕೇಳಲು ಏನಡ್ಡಿ? "ಗೊತ್ತಿಲ್ರಿ ಮಾವಾರ," ಎಂದೆ. "ನಾಳೆ ಕೇಳ್ತೀನಿ."

ಮರುದಿನ ಬೆಳಿಗ್ಗೆ ಅಂಗಡಿಗಳು ಬಾಗಿಲು ತೆಗೆಯುವ ಮುಂಚೆಯೇ ಬುಧವಾರ ಪೇಠದ ಎಲೆಕ್ಟ್ರಾನಿಕ್ಸ್ ಓಣಿಯಲ್ಲಿ ನಿಂತಿದ್ದೆ. ಹಾಡುವ ಶುಭಾಶಯ ಪತ್ರಗಳಲ್ಲಿ, ಅಲಾರಂ ಗಡಿಯಾರಗಳಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ವಿದ್ಯುತ್ತು ಕೊಟ್ಟರೆ ಅದು ನಡುಗಿ ಸದ್ದು ಮಾಡುತ್ತದೆ, ಅದನ್ನೇ ನಡುಗಿಸಿದರೆ ವಿದ್ಯುತ್ತು ಕೊಡುತ್ತದೆ. ನನಗೆ ಬೇಕಾದದ್ದು ಎರಡನೆಯದು. ಅಂಗಡಿಯವ ಶಟರ್ ಎತ್ತುತ್ತ ಮರಾಠಿಯಲ್ಲಿ, "ಮಗನ ಸ್ಕೂಲ್ ಪ್ರಾಜೆಕ್ಟಾ?" ಎಂದು ಕೇಳಿದ. "ನನ್ನದೇ ಪ್ರಾಜೆಕ್ಟು," ಎಂದೆ. ಬಿಲ್ಲೆಗಳ ಜೊತೆ ಸದ್ದನ್ನು ದೊಡ್ಡದು ಮಾಡುವ ಸಣ್ಣ ಆಂಪ್ಲಿಫೈಯರ್ ಒಂದನ್ನೂ ಕಟ್ಟಿಸಿಕೊಂಡೆ.

ಬಿಲ್ಲೆಯನ್ನು ನೇರವಾಗಿ ಬಿಸಿಗೆ ಇಡುವಂತಿರಲಿಲ್ಲ. ಗಾಜಿನ ಕಡ್ಡಿಯೊಂದರ ತುದಿಗೆ ಹರಳನ್ನು ತಾಗಿಸಿ ಪುಟ್ಟ ಒಲೆಯೊಳಗೆ ಇಳಿಬಿಟ್ಟೆ, ಹೊರಗೆ ಉಳಿದ ಇನ್ನೊಂದು ತುದಿಗೆ ಬಿಲ್ಲೆ ಅಂಟಿಸಿದೆ. ಪಂಪು ನಿಲ್ಲಿಸಿ, ಫ್ಯಾನು ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಬಿಸಿ ಏರಿದಂತೆ ಅಲ್ಲಲ್ಲಿ ಚಟ್, ಚಟ್ ಎಂದಿತು. ಆಮೇಲೆ ಒಮ್ಮೆಲೇ ಜೋಳದ ಅರಳು ಸಿಡಿದಂತೆ ಒಂದು ಭೋರೆಂಬ ಸದ್ದು. ಥರ್ಮಾಮೀಟರ್ ನೋಡಿದೆ. ಕಣ್ಣಿಗೆ ಗೆರೆ ಕಾಣಿಸುತ್ತಿದ್ದ ತಾಪವೇ. ಹೆಡ್‌ಫೋನ್ ಕಿವಿಯಲ್ಲಿರುವಾಗಲೇ ಎದ್ದು ಗೈಡ್ ಕೋಣೆಗೆ ಓಡಲು ಹೋಗಿ ತಂತಿ ಜಗ್ಗಿ ನಿಂತೆ.

ಗೈಡ್ ಬಂದು, ನಾನಿಟ್ಟ ಇನ್ನೊಂದು ಹೊಸ ಹರಳಿನ ಸದ್ದು ಕೇಳಿಸಿಕೊಂಡರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. "ಒಳಗೆ ಸಿಕ್ಕ ನೀರು ಒಡೆದಿರಬಹುದು," ಎಂದರು. ಅತ್ತೆಯ ಬಾಣಲೆಯ ಮುಂದೆ ನಾನು ಮಾವನಿಗೆ ಹೇಳಿದ ಮಾತೇ ನನಗೆ ತಿರುಗಿ ಬಂದಿತ್ತು. ಆದರೆ ಈ ಸಲ ಅವರು ಎದ್ದು ಹೋಗಲಿಲ್ಲ, ಸ್ಟೂಲು ಎಳೆದುಕೊಂಡು ಕೂತರು. "ನೀರು ಒಂದೇ ಸಲ ಒಡೆಯುತ್ತದೆ. ಅದೇ ಹರಳನ್ನು ಮತ್ತೆ ಮತ್ತೆ ಬಿಸಿ ಮಾಡಿ. ಅಡುಗೆ ಉಪ್ಪಿನ ಹರಳನ್ನೂ ಹೀಗೇ ಮಾಡಿ ನೋಡಿ, ಈ ಬಿಸಿಯಲ್ಲಿ ಅದರ ರಚನೆ ಬದಲಾಗುವುದಿಲ್ಲ. ಅದು ಸುಮ್ಮನಿದ್ದು ಇದು ಮಾತ್ರ ಸದ್ದು ಮಾಡಿದರೆ ಆಗ ಮಾತಾಡೋಣ."

ಅಂದಿನ ಊಟ ನನಗೆ ನೆನಪಿಲ್ಲ, ಮಾಡಿದೆನೋ ಇಲ್ಲವೋ. ಅಡುಗೆ ಉಪ್ಪು ಮೊದಲ ಸಲ ಸಿಡಿಯಿತು. ಎರಡನೇ ಸಲ ಮೌನವಾಯಿತು, ಆಮೇಲೂ ಮೌನವೇ. ಅದನ್ನು ತೆಗೆದು ಪೆಟ್ಲುಪ್ಪು ಇಟ್ಟೆ. ಮೊದಲ ಸಲದ ಬಿಡಿ ಬಿಡಿ ಚಟ್‌ಗಳು ಮುಂದಿನ ಸಲಗಳಲ್ಲಿ ಮಾಯವಾದವು. ಏರುವ ದಾರಿ ಪೂರಾ ನಿಶ್ಶಬ್ದ. ನೂರ ಇಪ್ಪತ್ತೊಂಬತ್ತರ ಆಸುಪಾಸಿನಲ್ಲಿ ಮಾತ್ರ ಆ ಭೋರೆಂಬ ಸದ್ದು, ಪ್ರತಿ ಸಲವೂ. ನೀರಲ್ಲ, ರಚನೆಯೇ ಬದಲಾಗುತ್ತಿತ್ತು.

ಇನ್ನು ತಣಿಸುವುದು. ಒಲೆ ಆರಿಸಿ ಥರ್ಮಾಮೀಟರಿನ ಮೇಲೆ ಕಣ್ಣಿಟ್ಟು ಕೂತೆ. ನೂರ ಇಪ್ಪತ್ತರ ಸ್ವಲ್ಪ ಮೇಲೆ ಸದ್ದು ಬಂತು, ಇದು ನನಗೆ ಕಣ್ಣಿನಿಂದ ಗೊತ್ತಿದ್ದದ್ದೇ. ಆಮೇಲೆ ಮೌನ. ನೂರ ಹದಿನೆಂಟು. ನೂರ ಹದಿನೈದು. ನೂರ ಹತ್ತು. ಅದಕ್ಕೂ ಕೆಳಗೆ ಇಳಿಯುತ್ತಿದ್ದಂತೆ ಮತ್ತೊಂದು ಸದ್ದು, ಮೊದಲಿನದಕ್ಕಿಂತ ಸಣ್ಣಗೆ, ಒಣಗಿದ ಎಲೆಗಳ ಮೇಲೆ ಯಾರೋ ನಡೆದು ಹೋದಂತೆ. ಹೋಗುವಾಗ ಒಂದು, ಬರುವಾಗ ಎರಡು. ಆ ಎರಡರ ನಡುವಿನ ಮೌನದಲ್ಲಿ ನಾನು ಹುಡುಕುತ್ತಿದ್ದ ರಚನೆ ಇತ್ತು. ಮಬ್ಬು ಹರಳಿನೊಳಗೆ ಅದು ಇಷ್ಟು ದಿನವೂ ಬಂದು ಹೋಗುತ್ತಿತ್ತು, ನನಗೆ ಕಂಡಿರಲಿಲ್ಲ ಅಷ್ಟೆ.

ಗೈಡ್ ತಾವೇ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಒಂದು ಸುತ್ತು ಕೇಳಿದರು. ಎರಡನೇ ಸದ್ದು ಬಂದಾಗ ಅವರ ಹುಬ್ಬು ಮೇಲೇರಿತು. ಹೆಡ್‌ಫೋನ್ ತೆಗೆದು ಕೆಳಗಿಡದೆ, "ಪುನ್ಹಾ," ಎಂದರು. ಈ ಸಲ ಅದು ಆಜ್ಞೆಯಾಗಿರಲಿಲ್ಲ, ಅವರಿಗೆ ಇನ್ನೊಮ್ಮೆ ಕೇಳಬೇಕಾಗಿತ್ತು.

ಎಕ್ಸ್-ರೇ ಯಂತ್ರದ ಸರದಿಯನ್ನು ಅವರೇ ಹೋಗಿ ಮಾತಾಡಿ ತಂದರು. ಸದ್ದು ಎಲ್ಲಿ ಬಂದಿತ್ತೋ ಅಲ್ಲಿ ಏನು ನೋಡಬೇಕೆಂದು ಈಗ ನಮಗೆ ಗೊತ್ತಿತ್ತು. ಪುಡಿ ಮಾಡಿದ ಉಪ್ಪನ್ನು ಬಿಸಿ ಮಾಡಿ, ತಣಿಸುತ್ತ ಎರಡು ಸದ್ದುಗಳ ನಡುವಿನ ತಾಪದಲ್ಲಿ ಹಿಡಿದು ನಿಲ್ಲಿಸಿದೆವು. ಕಂಪ್ಯೂಟರಿನ ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಏಳತೊಡಗಿದವು. ಬಿಸಿ ರಚನೆಯ ಗೆರೆಗಳಲ್ಲ, ತಣ್ಣನೆಯದರದೂ ಅಲ್ಲ. ನಡುವಿನದರ ಗೆರೆ ಎಲ್ಲಿರಬೇಕು ಎಂಬುದು ನನಗೆ ಬಾಯಿಪಾಠವಾಗಿತ್ತು, ಬೆರಳಿಟ್ಟು ತೋರಿಸಿದೆ. ಇನ್ನಷ್ಟು ತಣಿಸಿದಾಗ ಅವು ಕುಗ್ಗಿ, ಹಳೆಯ ಗೆರೆಗಳು ತಲೆ ಎತ್ತಿದವು. ಯಂತ್ರ ನೋಡಿಕೊಳ್ಳುವವರು ನಮ್ಮಿಬ್ಬರನ್ನು ನೋಡಿ, "ಏನಾಯಿತು, ಇಷ್ಟು ನಗುತ್ತಿದ್ದೀರಿ?" ಎಂದು ಕೇಳಿದರು. ಈ ರಚನೆ ಜಗತ್ತಿಗೆ ಹೊಸದಲ್ಲ, ಬಹಳ ಹಿಂದೆಯೇ ಬೇರೆಯವರು ಕಂಡದ್ದು. ಅಂಥ ಸದ್ದನ್ನು ಅಳೆದವರೂ ಇದ್ದರೆಂದು ಆಮೇಲೆ ಹಳೆಯ ಲೇಖನಗಳನ್ನು ಓದಿ ತಿಳಿಯಿತು. ಅದರಿಂದ ನನ್ನ ಸಂತೋಷವೇನೂ ಕಡಿಮೆಯಾಗಲಿಲ್ಲ. ನನ್ನ ಕೈಯಲ್ಲಿ ಬೆಳೆದ ಹರಳಿನಲ್ಲಿ ಅದನ್ನು ಹಿಡಿದವಳು ನಾನು.

ಉಪ್ಪು ಶಬ್ದ ಮಾಡುತ್ತದಾ ಎಂದು ಮೊದಲು ಕೇಳಿದವರು ಮಾವ ಎಂದು ಗೈಡಿಗೆ ಹೇಳಿದಾಗ, "ಅವರನ್ನು ಕರೆದುಕೊಂಡು ಬನ್ನಿ," ಎಂದರು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನನ್ನ ಗಂಡ ಹೋಟೆಲನ್ನು ಮ್ಯಾನೇಜರಿಗೆ ವಹಿಸಿ ಮಾವನನ್ನು ರಿಕ್ಷಾದಲ್ಲಿ ಕರೆತಂದರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಲ್ಯಾಬಿನ ಹೊಸ್ತಿಲಲ್ಲಿ ಚಪ್ಪಲಿ ಬಿಡಲು ಹೋದವರನ್ನು ನಾನು ತಡೆದೆ.

ಮೊದಲು ಅವರ ಅಂಗೈಯಲ್ಲಿ ಒಂದು ಹರಳು ಇಟ್ಟೆ. ಅವರು ಅದರ ಉದ್ದಕ್ಕೂ ಬೆರಳು ಆಡಿಸಿ, ಅಂಚುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಯಾರೂ ಕೆತ್ತಿದ್ದಲ್ಲವಾ ಇದು?"

"ಅಲ್ರಿ. ತಾನ ಹಿಂಗ ಬೆಳದದ್ದು."

ಹೆಡ್‌ಫೋನ್ ಹಾಕಿ ಕೂರಿಸಿ, ಇನ್ನೊಂದು ಹರಳನ್ನು ಒಲೆಗೆ ಇಳಿಸಿದೆ. ನಮಗೂ ಕೇಳಲೆಂದು ಸಣ್ಣ ಸ್ಪೀಕರ್ ಜೋಡಿಸಿದ್ದೆ. ಬಿಸಿ ಏರಿ ಮೊದಲ ಸದ್ದು ಬಂದಾಗ ಮಾವ ಬೆಚ್ಚಿ ಕುರ್ಚಿಯ ಕೈ ಹಿಡಿದುಕೊಂಡರು. "ಇಷ್ಟು ಜನ ಒಟ್ಟಿಗೇ ಏಳ್ತಾರಾ?" ಎಂದರು. ಒಲೆ ಆರಿಸಿದೆ. ತಣಿಯುವಾಗಿನ ಮೊದಲ ಸದ್ದೂ ಬಂತು. ಎರಡನೆಯದು ಬರಲಿಲ್ಲ. ನೂರ ಹತ್ತು ದಾಟಿತು, ನೂರು ದಾಟಿತು. ಸ್ಪೀಕರಿನಲ್ಲಿ ಸಣ್ಣ ಗುಂಯ್ ಬಿಟ್ಟರೆ ಏನೂ ಇಲ್ಲ.

ಗೈಡ್ ನನ್ನ ಕಿವಿಯ ಬಳಿ ಪಿಸುಗುಟ್ಟಿದರು. ಹರಳು ಚಿಕ್ಕದು, ಚಿಕ್ಕವುಗಳಲ್ಲಿ ನಡುವಿನ ರಚನೆ ಇನ್ನೂ ಕೆಳಗಿನವರೆಗೆ ಉಳಿಯುವುದುಂಟು, ಎಲ್ಲಿವರೆಗೆ ಅಂತ ಹೇಳಲಾಗದು. ನನ್ನ ಗಂಡ ಕೈಗಡಿಯಾರ ನೋಡಿದರು. ನಾನು ಮಾವನ ಹೆಗಲು ಮುಟ್ಟಿ, "ಮಾವಾರ, ಇವತ್ತು ಅದು ಬರೂದು ತಡಾ ಆಗಬಹುದು. ಬ್ಯಾರೆ ಹರಳು ಇಡ್ಲೇನ್ರಿ?" ಎಂದೆ.

ಅವರು ಬೇಡವೆಂದು ಕೈಯಾಡಿಸಿದರು. "ಇದೇ ಇರಲಿ. ನನಗೆ ಎಂತ ಅರ್ಜೆಂಟುಂಟು?"

ಕಾದೆವು. ಹೊರಗೆ ಕಾರಿಡಾರಿನಲ್ಲಿ ಯಾರೋ ನಡೆದು ಹೋದರು. ಥರ್ಮಾಮೀಟರಿನ ಅಂಕಿ ಇಳಿಯುತ್ತಲೇ ಇತ್ತು. ನಾನು ಅಂಕಿ ನೋಡುವುದು ಬಿಟ್ಟು ಮಾವನ ಮುಖ ನೋಡತೊಡಗಿದೆ. ಕತ್ತು ಸ್ವಲ್ಪ ವಾರೆಯಾಗಿ, ತುಟಿ ಬಿಗಿದು, ಇಡೀ ಮುಖವೇ ಕಿವಿಯಾದಂತೆ ಕೂತಿದ್ದರು. ತಟ್ಟನೆ ಅವರ ಬೆರಳು ಮೇಲೆದ್ದಿತು. ಅದರ ಜೊತೆಗೇ ಸ್ಪೀಕರಿನಿಂದ ಆ ಸಣ್ಣ ಸದ್ದು, ಎಲೆಗಳ ಮೇಲಿನ ನಡಿಗೆ. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೊಂದಿಷ್ಟು.

"ಬಂತು," ಎಂದರು ಮಾವ, ಮೆಲ್ಲಗೆ. ಅವರ ಮುಖದ ಮೇಲೆ ನಗು ಹರಡಿತು. "ಬಿಸಿ ಗ್ಲಾಸಿಗೆ ಐಸು ಹಾಕಿದರೆ ಐಸು ಬಿರಿಯುತ್ತದಲ್ಲ, ಹಾಗೆ ಉಂಟು. ಭಾರೀ ನಾಜೂಕು."

ಗೈಡಿಗೆ ಕನ್ನಡ ಬಾರದು. ನಾನು ಮರಾಠಿಯಲ್ಲಿ ಹೇಳಿದೆ. ಅವರು ಆಗಲೇ ಕಂಪ್ಯೂಟರಿನ ಮುಂದೆ ಕೂತು ಆ ಸದ್ದು ಬಂದ ತಾಪವನ್ನು ಹಿಂದಿನವುಗಳ ಪಕ್ಕ ಇಟ್ಟು ನೋಡುತ್ತಿದ್ದರು. ಇಷ್ಟು ಕೆಳಗೆ ನಮ್ಮ ಯಾವ ಹರಳೂ ಬಂದಿರಲಿಲ್ಲ. "ಹರಳು ಚಿಕ್ಕದಾದಷ್ಟೂ ಎಷ್ಟು ಕೆಳಗೆ ಹೋಗುತ್ತದೆ? ನಿಮ್ಮ ಮುಂದಿನ ಕೆಲಸ ಇದೇ," ಎಂದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಾವನಿಗೆ ನೀರು ಕೊಡುವ ನೆಪದಲ್ಲಿ ಎದ್ದು ಎರಡು ಸಲ ಕೋಣೆಯ ತುಂಬ ಓಡಾಡಿದೆ.

ಯೋಜನೆಯ ಮೊದಲ ವರ್ಷದ ಕೊನೆಗೆ ನಡೆದ ಪರಿಶೀಲನಾ ಸಭೆಯಲ್ಲಿ ನಾನು ಚಿತ್ರಗಳನ್ನು ಆಮೇಲೆ ತೋರಿಸಿದೆ, ಮೊದಲು ಸದ್ದು ಕೇಳಿಸಿದೆ. ಮೇಜಿನ ಸುತ್ತ ಕೂತ ಹಿರಿಯರು ಫೈಲು ಮುಚ್ಚಿ ತಲೆ ಎತ್ತಿದರು. ಒಬ್ಬರು ಎರಡನೇ ಸದ್ದನ್ನು ಇನ್ನೊಮ್ಮೆ ಹಾಕಿ ಎಂದರು. ನನ್ನ ಕೆಲಸಕ್ಕೆ ಮುಂದುವರಿಯುವ ಒಪ್ಪಿಗೆ ಸಿಕ್ಕಿತು.

ಸುದ್ದಿ ಹೇಳಲು ಮನೆಗೆ ಬಂದರೆ ಮಾವನಿಗೆ ಒಪ್ಪಿಗೆಯ ವಿಷಯ ಅಷ್ಟು ಮುಖ್ಯವಾಗಲಿಲ್ಲ. "ಬೇರೆ ಯಾವ ಉಪ್ಪು ಉಂಟು ಇಂಥದ್ದು?" ಎಂದು ಕೇಳಿದರು.

"ರುಬಿಡಿಯಂ ನೈಟ್ರೇಟು ಅಂತ ಒಂದು ಅದ ರೀ. ಅದು ಬಿಸಿ ಏರೋವಾಗಲೇ ಒಂದಲ್ಲ, ಮೂರು ಸಲ ಬದಲಾಗ್ತದ."

"ಮೂರು ಸಲವಾ?" ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನಿಮ್ಮ ಲ್ಯಾಬಿನಲ್ಲಿ ಉಂಟಾ?"

ಇತ್ತು. ಗೈಡ್ ಅವರ ಕಪಾಟಿನಲ್ಲಿ, ಹೆಬ್ಬೆರಳಿನಷ್ಟು ಸಣ್ಣ ಸೀಸೆಯಲ್ಲಿ. ಅದರಿಂದ ಒಂದು ಚಿಟಿಕೆ ತೆಗೆದು ನೀರಿನಲ್ಲಿ ಕರಗಿಸಿ ತಣಿಯಲು ಬಿಟ್ಟೇ ನಾನು ಅಂದು ಲ್ಯಾಬಿನಿಂದ ಹೊರಟಿದ್ದೆ.